ಎಡ ಹೆಗಲಿನ ದಿಕ್ಕಿಗೆ

ಮೂರನೇ ಸಲ ನೀರು ತುಂಬಿಕೊಂಡು ಬಂದಿದ್ದಾನೆ ಕೆರಿಯಪ್ಪ.
ನನ್ನ ಪರದೆಯಲ್ಲಿ ಅವನ ಹೃದಯ
ಹಗ್ಗ ಬಿಚ್ಚಿದ ದೋಣಿ,
ಒಮ್ಮೆ ಅತ್ತ, ಒಮ್ಮೆ ಇತ್ತ.
ಎರಡು ಚಮಚ ಇರಬೇಕಾದಲ್ಲಿ
ಮುಕ್ಕಾಲು ಲೀಟರು.

ಹಿನ್ನೀರಿನ ದಡದಲ್ಲಿ ಇಪ್ಪತ್ತಾರು ವರ್ಷ
ಲಾಂಚಿನ ಹಗ್ಗ ಎಸೆದವನು;
ಬಸ್ಸು ಹತ್ತಿಸಿ, ಜೀಪು ಹತ್ತಿಸಿ, ಕೊನೆಗೊಂದು ಹಸು ಹತ್ತಿಸಿ
ಸರಪಳಿ ಎಳೆದು "ರೈಟ್" ಅಂದವನು.
ಈಗ ಅರ್ಧ ಕೂತು, ಅರ್ಧ ಮಲಗಿ
ಒಂದೊಂದು ಮಾತಿಗೂ ಉಸಿರು ಹುಡುಕುತ್ತಾನೆ:
"ನೀರು ಬರೋದು ನಮ್ಗೆ ಹೊಸ್ತಲ್ಲ ಮೇಡಮ್ಮೋರೆ.
ಅಪ್ಪನ ಗದ್ದೆಗೂ ಹಿಂಗೇ ಬಂತು,
ಹೇಳದೆ ಕೇಳದೆ, ಸುತ್ತಲಿಂದ."

ಹೇಳಿಯೇ ಬಂದಿತ್ತು. ನೋಟಿಸು ಕೊಟ್ಟು.
ನನ್ನಜ್ಜ ಆ ನೋಟಿಸು ಹಂಚಿದ ಜವಾನ.
ಅದನ್ನು ಅವನಿಗೆ ಹೇಳಲಿಲ್ಲ.
ಜೆಲ್ ಹಚ್ಚಿದೆ. ತಣ್ಣಗಿದೆ ಅಂದ.

ಮಾತ್ರೆ ನುಂಗಿ ನುಂಗಿ ಮುಖ
ಕಡುಬಿನಂತೆ ಊದಿದೆ, ಸಕ್ಕರೆ ಮುನ್ನೂರು ದಾಟಿದೆ.
ಹೃದಯದ ಹೊರಪೊರೆಯ ಉರಿಗೆ ಕೊಟ್ಟ ಮದ್ದು
ಊರೆಲ್ಲ ಸುತ್ತಿ, ಸಿಕ್ಕಸಿಕ್ಕ ಮನೆಯಲ್ಲಿ ಉಂಡು
ಹೋಗಬೇಕಾದ ಮನೆಗೆ
ಬರಿಗೈಯಲ್ಲಿ ಹೋಗುತ್ತದೆ.
ಎದೆ ತೆರೆದು ಕಿಟಕಿ ಕೊರೆಯೋಣ ಅಂದಿದ್ದರಂತೆ ಮಂಗಳೂರಲ್ಲಿ.
"ಮಣ್ಣಿನ ಗೋಡೆ ಸಾರ್, ಕಿಟಕಿ ತಡ್ಕಳಲ್ಲ"
ಅಂದು ಶಿವಮೊಗ್ಗದ ಬಸ್ಸು ಹತ್ತಿದ್ದಾನೆ.

ಡಾಕ್ಟರ್ ಇಂದುಧರ ಬೆರಳಿಟ್ಟು ಹುಡುಕುತ್ತಾರೆ
ಎದೆಗೂಡು ಮುಗಿಯುವ ಕುಡಿಯ ಕೆಳಗೆ
ಮೆತ್ತಗಿನ ಒಂದು ಜಾಗ.
ಮರಗಟ್ಟಿಸುವ ಮದ್ದು. ಆಮೇಲೆ ಸೂಜಿ,
ಓರೆಯಾಗಿ, ಅವಸರವಿಲ್ಲದೆ,
ಎಡ ಹೆಗಲಿನ ದಿಕ್ಕಿಗೆ.

ಈಗ ಇಲ್ಲಿ ಯಾರೂ ಮಾತಾಡುವುದಿಲ್ಲ.
ಹೊರಗೆ ಬಿ.ಎಚ್. ರೋಡಿನಲ್ಲಿ ಯಾವುದೋ ಬಸ್ಸು
ಒಂದೇ ಸಮ ಹಾರನ್ನು.
ಹಲಸಿನ ಬೀಜದ ಮೇಲಿನ ಪೊರೆ ಗೊತ್ತಲ್ಲ,
ಅದನ್ನು ಚುಚ್ಚಬೇಕು, ಬೀಜಕ್ಕೆ ತಾಗಬಾರದು;
ಬೀಜವೋ ನಿಮಿಷಕ್ಕೆ ನೂರಿಪ್ಪತ್ತು ಸಲ ಹಾರುತ್ತಿದೆ.

"ಸಿಕ್ತು."
ಸಿರಿಂಜಿಗೆ ಬಂದದ್ದು ಈ ಸಲ ಕೆಂಪು.
ಸಿಕ್ಕಿದ್ದು ಹೊಳೆಯೋ, ಮನೆಯೋ?
ಅವರು ನನ್ನ ಕಡೆ ನೋಡಿದರು.
ಉಪ್ಪುನೀರು ಕುಲುಕಿ, ನೊರೆ ಎಬ್ಬಿಸಿ, ಒಳಗೆ ಬಿಟ್ಟರು.
ಪರದೆಯ ಕತ್ತಲಲ್ಲಿ ಗುಳ್ಳೆಗಳು ಏಳಬೇಕು.
ಕೋಣೆಯೊಳಗೆ ಎದ್ದರೆ ಹೃದಯವನ್ನೇ ಚುಚ್ಚಿದ್ದೇವೆ.

ಒಂದು ಬಡಿತ. ಏನೂ ಇಲ್ಲ.
ಇನ್ನೊಂದು.
ಆಮೇಲೆ ಮಿಣುಕುಹುಳದ ಹಿಂಡು,
ನಡುಗಡ್ಡೆಯ ಹೊರಗೆ, ನೀರಿನ ಮೇಲೆ.
"ಹೊರಗೇ ಇದೀವಿ ಸಾರ್" ಅಂದೆ.
ನನ್ನ ದನಿ ನನಗೇ ಗುರುತಾಗಲಿಲ್ಲ.

ತಂತಿ ಹೋಯಿತು, ತಂತಿಯ ಮೇಲೆ ನಳಿಗೆ,
ತುದಿಯಲ್ಲಿ ಹಂದಿಬಾಲದ ಸುರುಳಿ.
ನೂರು ಮಿಲಿ ಇಳಿದಾಗ ಬೆನ್ನು ಒರಗಿಸಿದ.
ಮುನ್ನೂರಕ್ಕೆ, ಹೊರಗೆ ಕೂತ ಚೌಡಕ್ಕ
ಕಾಫಿ ಕುಡಿದಳೋ ಕೇಳಿದ.
ಐನೂರಕ್ಕೆ ನನ್ನ ಊರು.
"ಹೊಸನಗರದ ಕಡೆ" ಅಂದೆ.
"ಯಾರ ಪೈಕಿ?"
ನಾನು ಪರದೆ ನೋಡುತ್ತಿದ್ದೆ.

ಮರುದಿನ ನೀರು ಹೋದ ದಾರಿಯಲ್ಲೇ ಮದ್ದು ಹೋಯಿತು,
ಅಕ್ಕಿ ತೊಳೆದ ನೀರಿನಂಥದು, ಅಷ್ಟೇ ಬಿಳಿ.
ಹೃದಯದ ಜಗಲಿಯಲ್ಲಿ ಕೂತು ಕೆಲಸ ಮಾಡುವ ಮದ್ದು,
ಊರು ಸುತ್ತುವ ಚಟ ಕಡಿಮೆ.
ಎಲ್ಲ ಕಡೆ ಹರಡಲೆಂದು ಹೊರಳಿಸಿದೆವು,
ಎಡಕ್ಕೆ, ಬಲಕ್ಕೆ, ಬೋರಲು.
"ಲೋಡು ಸಮ ಮಾಡೋದು ನಂಗೇ ಕಲಿಸ್ತೀರಾ" ಅಂದ.

ನಾಲ್ಕನೇ ದಿನ ನಳಿಗೆ ತೆಗೆದಾಗ
ಉಳಿದದ್ದು ಅಕ್ಕಿಕಾಳಿನಷ್ಟು ಗಾಯ.
ಹತ್ತಿ ಒತ್ತಿಹಿಡಿದು ಹೇಳಿಬಿಟ್ಟೆ:
"ನಮ್ಮಜ್ಜ ತಾಲೂಕು ಕಚೇರಿಯ ಜವಾನ.
ಮುಳುಗಡೆಯ ನೋಟಿಸು ಹಂಚಿದ್ದು ಅವರೇ."

ಮಾನಿಟರಿನಲ್ಲಿ ಎಪ್ಪತ್ತೆಂಟು, ಎಪ್ಪತ್ತೊಂಬತ್ತು,
ಎಪ್ಪತ್ತೆಂಟು.
"ಸೈಕಲ್ ಇತ್ತಾ ಅವರಿಗೆ?"
"ಇಲ್ಲ. ನಡ್ಕೊಂಡೇ."
"ಪಾಪ" ಅಂದ ಕೆರಿಯಪ್ಪ.
"ದೂರ."